ಗಣಕಯಂತ್ರದಲ್ಲಿ ಎರಡು ಧ್ವನಿಗಳ ಮುದ್ರಣ

ಆಡಿದ ಮಾತನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರವನ್ನು ಎಡಿಸನ್ನನು ಕಂಡುಹಿಡಿದದ್ದು ೧೮೭೭ರಲ್ಲಿ. ಇಂದು ನಮ್ಮಲ್ಲಿ ಹೆಚ್ಚುಕಡಿಮೆ ಪ್ರತಿಯೊಬ್ಬ ವಿದ್ಯಾರ್ಥಿಯ ಕಿಸೆಯಲ್ಲಿಯೂ ಅಂಥದೊಂದು ಯಂತ್ರವಿದೆ. ಹೀಗಿರುವಾಗ ಧ್ವನಿಮುದ್ರಣವನ್ನು ಕುರಿತು ಲೇಖನ ಬರೆಯುವ ಪ್ರಯೋಜನವೇನೆಂದು ವಾಚಕ ಮಿತ್ರರು ಕೇಳಬಹುದು. ನಾನು ಒಂದು ಪ್ರಶ್ನೆಯನ್ನೇ ಅವರ ಮುಂದಿಡುತ್ತೇನೆ. ಕಾರವಾರದಲ್ಲಿ ಕುಳಿತ ನೀವು ಮುಂಬಯಿಯಲ್ಲಿರುವ ಒಬ್ಬ ಹಿರಿಯರೊಡನೆ ಗಣಕಯಂತ್ರದ ಮೂಲಕ ಮಾತನಾಡುತ್ತಿದ್ದೀರಿ. ನಿಮ್ಮ ಮಾತು ಮೈಕಿನಿಂದ ಯಂತ್ರದ ಒಳಗೆ ಹೋಗುತ್ತದೆ. ಅವರ ಮಾತು ಯಂತ್ರದ ಒಳಗಿನಿಂದ ಹೊರಗೆ ಬರುತ್ತದೆ. ಈ ಎರಡನ್ನೂ ಒಂದೂ ಕೆಡದಂತೆ ಒಟ್ಟಿಗೆ ಮುದ್ರಿಸುವದು ಹೇಗೆ? ಇದು ಸುಲಭವೆಂದು ನಾನೂ ತಿಳಿದಿದ್ದೆ. ಮೂರು ಸಲ ಪ್ರಯತ್ನಿಸಿದ ಮೇಲೆ, ಎರಡು ಸಲ ಕೆಡಿಸಿದ ಮೇಲೆ, ಅಷ್ಟು ಸುಲಭವಲ್ಲವೆಂದು ತಿಳಿಯಿತು. ನಾನು ಕಲಾ ವಿಭಾಗದ ವಿದ್ಯಾರ್ಥಿ, ಯಂತ್ರಶಾಸ್ತ್ರ ಓದಿದವನಲ್ಲ. ಅನುಭವದಿಂದ ಕಲಿತದ್ದನ್ನು, ಅನಂತರ ಓದಿ ತಿಳಿದುಕೊಂಡದ್ದನ್ನು, ಸಹಪಾಠಿಗಳಿಗೆ ಉಪಯೋಗವಾದೀತೆಂಬ ಆಶೆಯಿಂದ ಇಲ್ಲಿ ಬರೆದಿದ್ದೇನೆ.

ಮೊದಲು ಸಂದರ್ಭವನ್ನು ಹೇಳಬೇಕು. ನಮ್ಮ ಮನೆ ಅಂಕೋಲೆಯ ಹತ್ತಿರದ ಒಂದು ಹಳ್ಳಿಯಲ್ಲಿದೆ. ಆಯಿಯ ತಾಯಿ, ಅಂದರೆ ನನ್ನ ಅಜ್ಜಿ, ಕೆಲವು ವರ್ಷಗಳಿಂದ ಡೊಂಬಿವಲಿಯಲ್ಲಿ ಮಾವನ ಮನೆಯಲ್ಲಿದ್ದಾಳೆ. ನಮ್ಮ ಕಡೆಯ ಎಷ್ಟೋ ಮನೆಗಳ ಕತೆ ಇದೇ. ಅಜ್ಜಿಗೆ ಬೀಸುಕಲ್ಲಿನ ಹಾಡುಗಳು ಬಹಳ ಬರುತ್ತವೆ. ಬೀಸುಕಲ್ಲಿನ ಹಾಡಿಗೆ ಒಂದು ವಿಶೇಷವಿದೆ. ಕಲ್ಲಿನ ಗೂಟವನ್ನು ಇಬ್ಬರು ಹೆಂಗಸರು ಎದುರುಬದುರು ಕುಳಿತು ಹಿಡಿಯುತ್ತಾರೆ. ಒಬ್ಬಳು ಒಂದು ಸಾಲು ಹಾಡಿದರೆ ಇನ್ನೊಬ್ಬಳು ಅದನ್ನು ಎತ್ತಿಕೊಂಡು ಮುಂದಿನದನ್ನು ಹಾಡುತ್ತಾಳೆ. ನಮ್ಮ ಮನೆಯ ರೂಢಿಯಲ್ಲಿ ಪ್ರತಿ ನುಡಿಯ ಕೊನೆಯ ಸಾಲನ್ನು ಇಬ್ಬರೂ ಕೂಡಿಯೇ ಹಾಡಬೇಕು. ಅಜ್ಜಿ ಹಾಡುತ್ತಿದ್ದದ್ದು ಆಯಿಯ ಜೊತೆಗೆ. ಅಜ್ಜಿಗೆ ಪ್ರವಾಸ ಆಗುವದಿಲ್ಲ. ಆಯಿಗೆ ಮನೆ ಬಿಟ್ಟು ಹೊರಡುವದು ಆಗುವದಿಲ್ಲ. ಒಬ್ಬಳನ್ನೇ ಹಾಡಿಸಿ ಮುದ್ರಿಸಿದರೆ ಅರ್ಧ ಹಾಡು. ಆದ್ದರಿಂದ ಅಂಕೋಲೆಯ ಮೈಕೂ ಡೊಂಬಿವಲಿಯ ಧ್ವನಿಯೂ ಒಂದೇ ಮುದ್ರಣದಲ್ಲಿ ಬರಲೇಬೇಕಾಯಿತು.

ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರು ತೀರಿಕೊಂಡದ್ದು ೨೦೨೫ರ ಫೆಬ್ರುವರಿ ೧೩ರಂದು. ಹಾಲಕ್ಕಿ ಒಕ್ಕಲಿಗರ ಹಾಡುಗಳಿಗಾಗಿಯೇ ೨೦೧೭ರಲ್ಲಿ ಪದ್ಮಶ್ರೀ ಪಡೆದ ಅವರಂಥವರ ಬಳಿಗೆ ಮೈಕು ಹಿಡಿದು ಹೋಗುವವರು ಇದ್ದರು. ಹೆಸರಿಲ್ಲದ ಅಜ್ಜಿಯರ ಬಳಿಗೆ ಮೊಮ್ಮಕ್ಕಳೇ ಹೋಗಬೇಕು. ಆ ದಿನ ಸುದ್ದಿ ಕೇಳಿ ಆಯಿ ನನಗೆ ಹೇಳಿದ್ದು ಒಂದೇ ಮಾತು: “ನಿನ್ನ ಅಜ್ಜಿದೂ ಒಮ್ಮೆ ಮಾಡ್ಕೊಳ್ಳೋ.”

ಮೊದಲನೆಯ ಸಲ ನಾನು ಮಾಡಿದ್ದು ಎಲ್ಲರೂ ಮಾಡುವದನ್ನೇ. ಲ್ಯಾಪಟಾಪಿನ ಸ್ಪೀಕರನ್ನು ಜೋರಾಗಿಟ್ಟು, ಅದರ ಪಕ್ಕದಲ್ಲಿ ಮೊಬಾಯಿಲನ್ನು ಇಟ್ಟು, ಅದರಲ್ಲಿ ಮುದ್ರಣ ಸುರುಮಾಡಿದೆ. ಆಗ ಆಷಾಢ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆಂಬುದನ್ನು ಭೂಗೋಳದಲ್ಲಿ ಓದಿದ್ದೆ. ಅದು ಹಂಚಿನ ಮೇಲೆ ಬೀಳುವಾಗ ಮೊಬಾಯಿಲಿಗೆ ಹೇಗೆ ಕೇಳಿಸುತ್ತದೆಂಬುದು ಅಂದು ಗೊತ್ತಾಯಿತು. ಆಯಿಯ ಧ್ವನಿ ಎದುರಿಗೆ, ಅಜ್ಜಿಯ ಧ್ವನಿ ಡಬ್ಬಿಯೊಳಗಿನಿಂದ, ಇಬ್ಬರ ಮೇಲೆ ಮಳೆ.

ಇದು ಏಕೆ ಕೆಟ್ಟಿತೆಂಬುದನ್ನು ತಿಳಿಯಲು ಧ್ವನಿಯ ಪ್ರಯಾಣವನ್ನು ಸ್ವಲ್ಪ ನೋಡಬೇಕು. ಮೈಕಿನೊಳಗೆ ಒಂದು ತೆಳುವಾದ ಪರದೆಯಿದೆ. ಗಾಳಿಯ ಅಲೆ ತಗಲಿ ಅದು ಕಂಪಿಸುವದು. ಆ ಕಂಪನ ಸಣ್ಣ ವಿದ್ಯುತ್ತಾಗುವದು. ಗಣಕಯಂತ್ರದ ಧ್ವನಿ ವಿಭಾಗವು ಆ ವಿದ್ಯುತ್ತನ್ನು ಸೆಕೆಂಡಿಗೆ ೪೮,೦೦೦ ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದುಕೊಳ್ಳುತ್ತದೆ. ಮನುಷ್ಯನ ಕಿವಿಗೆ ಕೇಳುವ ಅತಿ ಹೆಚ್ಚಿನ ಕಂಪನ ಸೆಕೆಂಡಿಗೆ ಸುಮಾರು ೨೦,೦೦೦. ಅದನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕೆಂಬುದು ನಿಯಮ. ಅದಕ್ಕಾಗಿಯೇ ಸಿ.ಡಿ. ತಟ್ಟೆಗಳಲ್ಲಿ ೪೪,೧೦೦, ಈಗಿನ ಚಿತ್ರ ಮತ್ತು ಸಂಭಾಷಣೆಗಳಲ್ಲಿ ೪೮,೦೦೦ ಎಂಬ ಲೆಕ್ಕಗಳು ರೂಢಿಗೆ ಬಂದವು. ಪ್ರತಿ ಅಳತೆಗೆ ೧೬ ಬಿಟ್ ಕೊಟ್ಟರೆ ೬೫,೫೩೬ ಮೆಟ್ಟಿಲುಗಳಲ್ಲಿ ಯಾವುದಾದರೊಂದನ್ನು ಬರೆಯಬಹುದು.

ಡೊಂಬಿವಲಿಯಲ್ಲಿ ಅಜ್ಜಿಯ ಧ್ವನಿ ಒಮ್ಮೆ ಹೀಗೆ ಸಂಖ್ಯೆಯಾಗಿದೆ. ಅಂತರಜಾಲದ ಮೂಲಕ ನಮ್ಮ ಯಂತ್ರಕ್ಕೆ ಬರುವದು ಆ ಸಂಖ್ಯೆಗಳೇ. ಇಲ್ಲಿ ಅವು ಮತ್ತೆ ವಿದ್ಯುತ್ತಾಗಿ, ಸ್ಪೀಕರಿನಲ್ಲಿ ಗಾಳಿಯ ಅಲೆಯಾಗಿ, ಮಳೆಯೊಡನೆ ಪಂಖದೊಡನೆ ಬೆರೆತು, ಇನ್ನೊಂದು ಮೈಕನ್ನು ಹೊಕ್ಕು, ಎರಡನೆಯ ಸಲ ಸಂಖ್ಯೆಯಾಗುತ್ತವೆ. ಕೈಯಲ್ಲಿ ಸಂಖ್ಯೆಯೇ ಇರುವಾಗ ಅದನ್ನು ಗಾಳಿಗೆ ಬಿಟ್ಟು ಮತ್ತೆ ಹಿಡಿಯಲು ಹೋಗುವದು, ಬಾವಿಯಿಂದ ಸೇದಿದ ನೀರನ್ನು ಗದ್ದೆಗೆ ಚೆಲ್ಲಿ ಅಲ್ಲಿಂದ ಕೊಡಕ್ಕೆ ತುಂಬಿದ ಹಾಗೆ. ಆ ಸಂಖ್ಯೆಗಳನ್ನು ಸ್ಪೀಕರಿಗೆ ಹೋಗುವ ಮುನ್ನವೇ ಯಂತ್ರದ ಒಳಗೆ ನಕಲು ಮಾಡಿಕೊಳ್ಳಬೇಕು. ಯಂತ್ರದ ಈ ಒಳಧ್ವನಿಗೆ ಸಿಸ್ಟಮ್ ಆಡಿಯೊ ಎಂದು ಹೆಸರು.

ಮೊಬಾಯಿಲಿನಲ್ಲಿಯೇ ಇದನ್ನು ಮಾಡಬಾರದೆ ಎಂದು ಗೆಳೆಯರು ಕೇಳಿದರು. ೨೦೧೯ರಲ್ಲಿ ಬಂದ ಆಂಡ್ರಾಯ್ಡ್ ೧೦ರಿಂದ ಈಚೆಗೆ ಒಂದು ಆ್ಯಪಿನ ಧ್ವನಿಯನ್ನು ಇನ್ನೊಂದು ಆ್ಯಪು ಮುದ್ರಿಸಿಕೊಳ್ಳಲು ಅವಕಾಶವಿದೆ. ಆದರೆ ಅದು ಹಾಡು, ಚಿತ್ರ, ಆಟಗಳ ಧ್ವನಿಗೆ ಮಾತ್ರ. ಕರೆಯ ಧ್ವನಿಯನ್ನು ಬುದ್ಧಿಪೂರ್ವಕವಾಗಿಯೇ ಹೊರಗಿಟ್ಟಿದ್ದಾರೆ. ಕದ್ದು ಮುದ್ರಿಸುವವರ ಹೆದರಿಕೆಯಿಂದ ಹಾಗೆ ಮಾಡಿರುವದು ಯೋಗ್ಯವೇ. ನಮಗೆ ಮಾತ್ರ ಗಣಕಯಂತ್ರವೇ ಗತಿ.

ಎರಡನೆಯ ಸಲ ನಾನು ಒಳಧ್ವನಿಯನ್ನು ಹಿಡಿದೆ. ವಿಂಡೋಸಿನಲ್ಲಿ ಇದಕ್ಕೆ ಎರಡು ದಾರಿಗಳಿವೆ. ಕೆಲವು ಯಂತ್ರಗಳಲ್ಲಿ ಸ್ಟೀರಿಯೊ ಮಿಕ್ಸ್ ಎಂಬ ಸಾಧನವು ಅಡಗಿ ಕುಳಿತಿರುತ್ತದೆ, ಎಲ್ಲದರಲ್ಲಿಯೂ ಇರುವದಿಲ್ಲ. ಇನ್ನೊಂದು ದಾರಿ ೨೦೦೭ರ ವಿಸ್ತಾದಿಂದ ಈಚೆಗೆ ವಿಂಡೋಸಿನ ಒಳಗೇ ಇರುವ ಲೂಪಬ್ಯಾಕ್ ಎಂಬ ಏರ್ಪಾಡು. ಆಡಾಸಿಟಿ ಎಂಬ ಪುಕ್ಕಟೆ ತಂತ್ರಾಂಶವು ಇದನ್ನು ಉಪಯೋಗಿಸಬಲ್ಲದು. ಲಿನಕ್ಸ್ ಉಳ್ಳವರಿಗೆ ಮಾನಿಟರ್ ಎಂಬ ಹೆಸರಿನ ಮೂಲ ತಾನಾಗಿ ಸಿಗುತ್ತದೆ. ಮ್ಯಾಕ್ ಉಳ್ಳವರು ಬಹುಕಾಲದಿಂದ ಬ್ಲ್ಯಾಕಹೋಲಿನಂಥ ಹೆಚ್ಚಿನ ತಂತ್ರಾಂಶವನ್ನು ಹಾಕಿಕೊಂಡು ಕೆಲಸ ಸಾಗಿಸಿದ್ದಾರೆ. ನನ್ನದು ವಿಂಡೋಸ್, ಆಡಾಸಿಟಿಯಲ್ಲಿ ಲೂಪಬ್ಯಾಕ್ ಆರಿಸಿ ಗುಂಡಿ ಒತ್ತಿದೆ. ಮುಕ್ಕಾಲು ತಾಸು ಅಜ್ಜಿ ಹಾಡಿದಳು, ಆಯಿ ಹಾಡಿದಳು. ಕೊನೆಗೆ ಕೇಳಿದರೆ ಅಜ್ಜಿಯ ಧ್ವನಿ ಮುತ್ತಿನಂತಿದೆ. ಆಯಿ ಇಲ್ಲವೇ ಇಲ್ಲ! ಅಜ್ಜಿ ಒಂದು ಸಾಲು ಹಾಡುತ್ತಾಳೆ, ಆಮೇಲೆ ಮೌನ, ಮತ್ತೆ ಮುಂದಿನ ಸಾಲು. ಆಡಾಸಿಟಿಯು ಒಂದು ವೇಳೆಗೆ ಒಂದೇ ಸಾಧನದಿಂದ ಮುದ್ರಿಸಿಕೊಳ್ಳುತ್ತದೆಂಬುದನ್ನು ನಾನು ಗಮನಿಸಿರಲಿಲ್ಲ. ನಮ್ಮ ಮೈಕಿನ ಧ್ವನಿ ಡೊಂಬಿವಲಿಗೆ ಹೋಗುವದೇ ಹೊರತು ನಮ್ಮ ಸ್ಪೀಕರಿಗೆ ತಿರುಗಿ ಬರುವದಿಲ್ಲ. ಬಂದರೆ ಮಾತನಾಡುವವರಿಗೆ ತಮ್ಮ ಮಾತೇ ಕೇಳಿ ಗಾಬರಿಯಾದೀತು. ಆದ್ದರಿಂದ ಒಳಧ್ವನಿಯಲ್ಲಿ ನಾವು ಇರುವದೇ ಇಲ್ಲ. ತಪ್ಪು ನನ್ನದೇ. ಅಜ್ಜಿಗೆ ಹೇಳಲು ನಾಚಿಕೆಯಾಗಿ ಎರಡು ದಿನ ಸುಮ್ಮನಿದ್ದೆ.

ಬೇಕಾದದ್ದು ಮೈಕು ಮತ್ತು ಒಳಧ್ವನಿ ಎರಡನ್ನೂ ಏಕಕಾಲಕ್ಕೆ, ಆದರೆ ಬೇರೆ ಬೇರೆಯಾಗಿ ಬರೆದುಕೊಳ್ಳುವ ತಂತ್ರಾಂಶ. ಈ “ಬೇರೆ ಬೇರೆಯಾಗಿ” ಎಂಬುದರಲ್ಲಿಯೇ ಇಡೀ ಪಾಠವಿದೆಯೆಂದು ನನ್ನ ಅಭಿಪ್ರಾಯ. ಎರಡು ಧ್ವನಿಗಳನ್ನು ಮುದ್ರಿಸುವಾಗಲೇ ಬೆರಸಿಬಿಟ್ಟರೆ, ಹಾಲಿಗೆ ನೀರು ಬೆರಸಿದಂತೆ, ಮತ್ತೆ ಬೇರ್ಪಡಿಸುವದು ನಮ್ಮಂಥವರ ಕೈಯಲ್ಲಿ ಆಗುವದಿಲ್ಲ. ಅಜ್ಜಿ ಹಾಡುವಾಗ ನಮ್ಮ ಹಿತ್ತಲಲ್ಲಿ ನಾಯಿ ಬೊಗಳಿದರೆ ಅದು ಅಜ್ಜಿಯ ಸಾಲಿಗೇ ಅಂಟಿಕೊಳ್ಳುವದು. ಎರಡು ಟ್ರ್ಯಾಕುಗಳಾಗಿ ಇಟ್ಟರೆ ಆ ಜಾಗದಲ್ಲಿ ನಮ್ಮ ಟ್ರ್ಯಾಕನ್ನು ತಗ್ಗಿಸಿದರಾಯಿತು, ಅಜ್ಜಿಯ ಧ್ವನಿಗೆ ಏನೂ ಆಗುವದಿಲ್ಲ. ಆಕಾಶವಾಣಿಯ ಸ್ಟುಡಿಯೋದಲ್ಲಿ ನಿವೇದಕನ ಮೈಕಿಗೊಂದು, ಹಾಡಿನ ತಟ್ಟೆಗೊಂದು ಎಂದು ಬೇರೆ ಬೇರೆ ಹಿಡಿಕೆಗಳು ಇರುವದೂ ಇಂಥದೇ ಕಾರಣಕ್ಕೆ.

೨೦೧೨ರಲ್ಲಿ ಹುಟ್ಟಿದ ಓಬಿಎಸ್ ಸ್ಟುಡಿಯೊ ಎಂಬ ಪುಕ್ಕಟೆ ತಂತ್ರಾಂಶ ಇದನ್ನು ಮಾಡುತ್ತದೆ. ಅದು ಮೂಲತಃ ಪರದೆಯ ಚಿತ್ರವನ್ನು ಮುದ್ರಿಸಲು ಮತ್ತು ಪ್ರಸಾರ ಮಾಡಲು ಹುಟ್ಟಿದ್ದು; ಧ್ವನಿಗಾಗಿ ಅದನ್ನು ಉಪಯೋಗಿಸುವದು ಕೋಳಿಯ ಗೂಡಿಗೆ ಅರಮನೆಯ ಬೀಗ ಹಾಕಿದಂತೆಯೇ ಸರಿ. ಆದರೂ ಬೀಗ ಭದ್ರವಾಗಿದೆ. ಅದರಲ್ಲಿ ಡೆಸ್ಕಟಾಪ್ ಆಡಿಯೊ ಎಂದೊಂದು, ಮೈಕ್ ಎಂದೊಂದು, ಹೀಗೆ ಎರಡು ಧ್ವನಿಮೂಲಗಳು ಮೊದಲೇ ಇರುತ್ತವೆ. ಔಟಪುಟ್ ವಿಭಾಗದಲ್ಲಿ ಅಡ್ವಾನ್ಸ್ಡ್ ಎಂಬುದನ್ನು ಆರಿಸಿದರೆ ಆರರ ವರೆಗೆ ಟ್ರ್ಯಾಕುಗಳನ್ನು ಮುದ್ರಿಸಬಹುದು. ಯಾವ ಮೂಲ ಯಾವ ಟ್ರ್ಯಾಕಿಗೆ ಹೋಗಬೇಕೆಂಬುದನ್ನು ಧ್ವನಿಯ ಅಡ್ವಾನ್ಸ್ಡ್ ಪಟ್ಟಿಯಲ್ಲಿ ಗುರುತು ಹಾಕಬೇಕು. ನಾನು ಮಾಡಿದ್ದು ಹೀಗೆ: ಒಂದನೆಯ ಟ್ರ್ಯಾಕಿಗೆ ಎರಡೂ ಧ್ವನಿಗಳು, ಎರಡನೆಯದಕ್ಕೆ ಬರಿಯ ಮೈಕು, ಮೂರನೆಯದಕ್ಕೆ ಬರಿಯ ಒಳಧ್ವನಿ. ಸಾಮಾನ್ಯ ಪ್ಲೇಯರುಗಳು ಒಂದನೆಯ ಟ್ರ್ಯಾಕನ್ನು ಮಾತ್ರ ನುಡಿಸುವದರಿಂದ ಮನೆಯವರಿಗೆ ಕೇಳಿಸಲು ಅದು ಸಾಕು. ನಿಜವಾದ ಆಸ್ತಿ ಎರಡನೆಯದು ಮತ್ತು ಮೂರನೆಯದು. ಧ್ವನಿಯ ದರವನ್ನು ೩೨೦ ಕಿಲೊಬಿಟ್ಟಿಗೆ ಏರಿಸಿದೆ. ಕಡತವನ್ನು ಎಂ.ಕೆ.ವಿ. ರೂಪದಲ್ಲಿ ಉಳಿಸಿದೆ, ನಡುವೆ ವಿದ್ಯುತ್ತು ಹೋದರೂ ಅಷ್ಟರ ವರೆಗಿನ ಮುದ್ರಣ ಉಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಹಳ್ಳಿಯಲ್ಲಿ ಇದು ಸಣ್ಣ ಮಾತಲ್ಲ.

ಎರಡು ಎಚ್ಚರಿಕೆಗಳು. ಓಬಿಎಸ್ಸಿನ ಡೆಸ್ಕಟಾಪ್ ಆಡಿಯೊ ಯಾವ ಸಾಧನವನ್ನು ಆಲಿಸುತ್ತಿದೆಯೊ ಕರೆಯ ಧ್ವನಿಯೂ ಅದೇ ಸಾಧನಕ್ಕೆ ಹೋಗುತ್ತಿರಬೇಕು. ನಡುವೆ ಯುಎಸ್‌ಬಿ ಹೆಡ್‌ಫೋನನ್ನು ಚುಚ್ಚಿದರೆ ಧ್ವನಿ ಅತ್ತ ಹೊರಳಿ, ಇತ್ತ ಮೌನವು ಬಹಳ ಶ್ರದ್ಧೆಯಿಂದ ಮುದ್ರಿತವಾಗುವದು. ಆದ್ದರಿಂದ ಮೊದಲು ಒಂದು ನಿಮಿಷ ಮುದ್ರಿಸಿ, ನಿಲ್ಲಿಸಿ, ಕೇಳಿ ನೋಡಿಯೇ ಮುಂದುವರಿಯಬೇಕು. ಮತ್ತೆ ಧ್ವನಿಯ ಮಟ್ಟ ತೋರಿಸುವ ಬಣ್ಣದ ಪಟ್ಟಿಯಲ್ಲಿ ಸೊನ್ನೆ ಎಂಬುದೇ ತುತ್ತತುದಿ. ಎತ್ತರದ ಸ್ವರಗಳು ಸೊನ್ನೆಗಿಂತ ಕೆಳಗೆ ಆರರಿಂದ ಹನ್ನೆರಡು ಡೆಸಿಬೆಲ್ಲಿನ ನಡುವೆ ನಿಲ್ಲಬೇಕು. ಸೊನ್ನೆಗೆ ತಗಲಿದರೆ ೬೫,೫೩೬ ಮೆಟ್ಟಿಲುಗಳು ಮುಗಿದು ಅಲೆಯ ತಲೆ ಕತ್ತರಿಸಿದಂತಾಗುತ್ತದೆ. ಆ ಕರ್ಕಶತೆ ಯಾವ ಉಪಾಯದಿಂದಲೂ ಪೂರ್ತಿ ಹೋಗುವದಿಲ್ಲ.

ಟ್ರ್ಯಾಕುಗಳನ್ನು ಬೇರೆ ಮಾಡಿದರೂ ಸ್ಪೀಕರು ತೆರೆದಿದ್ದರೆ ಅಜ್ಜಿಯ ಧ್ವನಿ ನಮ್ಮ ಮೈಕಿನೊಳಗೂ ನುಗ್ಗುವದು. ಆಗ ಒಂದೇ ಧ್ವನಿ ಎರಡು ಟ್ರ್ಯಾಕಿನಲ್ಲಿ ಸ್ವಲ್ಪ ಹಿಂದುಮುಂದಾಗಿ ಬಂದು ಗುಹೆಯಲ್ಲಿ ಹಾಡಿದಂತೆ ಕೇಳುವದು. ಆದ್ದರಿಂದ ಮೈಕಿನ ಹತ್ತಿರ ಇರುವವರೆಲ್ಲರೂ ಹೆಡ್‌ಫೋನು ಹಾಕಿಕೊಳ್ಳಲೇಬೇಕು. ಎರಡು ಕವಲಿನ ತಂತಿಯೊಂದನ್ನು ಅಂಕೋಲೆಯ ಪೇಟೆಯಿಂದ ತಂದೆ. ಒಂದು ಹೆಡ್‌ಫೋನು ಆಯಿಗೆ, ಒಂದು ನನಗೆ. ತಂತಿಯಿಲ್ಲದ ಬ್ಲೂಟೂಥ್ ಬೇಡ. ಅದರ ಮೈಕನ್ನು ಉಪಯೋಗಿಸಿದ ಕೂಡಲೆ ಸಾಮಾನ್ಯವಾಗಿ ಅದು ದೂರವಾಣಿಯ ಮಟ್ಟಕ್ಕೆ ಇಳಿದು, ಸೆಕೆಂಡಿಗೆ ೮,೦೦೦ ಇಲ್ಲವೆ ೧೬,೦೦೦ ಸಲ ಮಾತ್ರ ಅಳೆಯುತ್ತದೆ.

ಮೂರನೆಯ ಸಲ, ಒಂದು ರವಿವಾರ, ಅಟ್ಟದ ಮೇಲಿದ್ದ ಬೀಸುಕಲ್ಲನ್ನು ಇಳಿಸಿ ತೊಳೆದು, ಜೂಮಿನಲ್ಲಿ ಅಜ್ಜಿಯನ್ನು ಕರೆದೆವು. ಆಯಿ ಒಂದು ಹಿಡಿ ರಾಗಿ ಹಾಕಿ ಬೀಸತೊಡಗಿದಳು. ಅಜ್ಜಿ ಹಾಡಲಿಲ್ಲ. ಸ್ವಲ್ಪ ಹೊತ್ತು ನೋಡಿ ಕೇಳಿದಳು: “ಕಲ್ಲಿನ ಸದ್ದೇ ಇಲ್ಲ. ನೀ ಎಂತ ಬೀಸ್ತೆ?”

ನಮ್ಮ ಮನೆಯಲ್ಲಿ ಕಲ್ಲು ಗುಡುಗಿದಂತೆ ಸದ್ದು ಮಾಡುತ್ತಿತ್ತು. ಡೊಂಬಿವಲಿಗೆ ಅದು ಹೋಗಿಯೇ ಇರಲಿಲ್ಲ. ಕಾರಣವಿಷ್ಟೆ: ಕರೆಯ ತಂತ್ರಾಂಶಗಳು ಆಫೀಸಿನ ಸಭೆಗಳಿಗಾಗಿ ಹುಟ್ಟಿದವು. ಏರಿಳಿಯುತ್ತ ತಡೆದು ತಡೆದು ಬರುವದು ಮಾತು, ಒಂದೇ ಸಮನೆ ಬರುವದು ಗದ್ದಲ, ಎಂಬುದು ಅವುಗಳ ತಿಳುವಳಿಕೆ. ಪಂಖದ ಸದ್ದನ್ನು ಅಳಿಸುವ ಹಾಗೆ ಬೀಸುಕಲ್ಲಿನ ಸದ್ದನ್ನೂ ಅಳಿಸುತ್ತವೆ. ಹಾಡಿನಲ್ಲಿ ಎಳೆದ ಸ್ವರವನ್ನು ಕೂಡ ಒಮ್ಮೊಮ್ಮೆ ಗದ್ದಲವೆಂದು ತಿಳಿದು ಕಡಿದುಬಿಡುತ್ತವೆ. ಹಾಲಕ್ಕಿಗಳ ಗುಮಟೆಯನ್ನು ಯಾರಾದರೂ ಈ ರೀತಿ ಕೇಳಿಸಲು ಹೋದರೆ ಮಣ್ಣಿನ ಆ ವಾದ್ಯದ ಗುಂಯ್‌ಗುಡುವಿಕೆಗೂ ಇದೇ ಗತಿಯಾಗಬಹುದು. ಯಂತ್ರಕ್ಕೆ ಬೀಸುಕಲ್ಲು ಗೊತ್ತಿಲ್ಲ, ಅದು ಅದರ ತಪ್ಪಲ್ಲ. ಆದರೆ ಅಜ್ಜಿಗೆ ಕಲ್ಲಿಲ್ಲದೆ ಹಾಡು ಬರುವದಿಲ್ಲ. ಅವಳು ಕಲ್ಲಿನ ಸುತ್ತಿನಿಂದ ತಾಳ ಹಿಡಿಯುತ್ತಾಳೆ.

ಜೂಮಿನಲ್ಲಿ ಸಂಗೀತಗಾರರಿಗಾಗಿ ಒರಿಜಿನಲ್ ಸೌಂಡ್ ಎಂಬ ಏರ್ಪಾಡನ್ನು ಇಟ್ಟಿದ್ದಾರೆ. ಅದನ್ನು ಹಚ್ಚಿದರೆ ಈ ಸೋಸುವಿಕೆ ನಿಲ್ಲುತ್ತದೆ. ಧ್ವನಿಯನ್ನು ಕಳಿಸುವವರ ಕಡೆಯಲ್ಲಿ ಅದನ್ನು ಹಚ್ಚಬೇಕು, ಕೇಳುವವರ ಕಡೆಯಲ್ಲಿ ಅಲ್ಲ. ನಾನು ಇಲ್ಲಿ ಹಚ್ಚಿದೆ. ಅಜ್ಜಿಯ ಎಳೆದ ಸ್ವರಗಳು ಕಡಿಯದಿರಲೆಂದು ಮಾವ ಅಲ್ಲಿಯೂ ಹಚ್ಚಿದ. ಆಯಿ ಮತ್ತೆ ಗೂಟ ತಿರುಗಿಸಿದಳು. ಎರಡು ಸುತ್ತು ಆಗುವಷ್ಟರಲ್ಲಿ, ಯಾರೂ ಹೇಳದೆ, ಡೊಂಬಿವಲಿಯಿಂದ ಹಾಡು ಸುರುವಾಯಿತು.

ಸಾಲಿಗೆ ಸಾಲು ಚೆನ್ನಾಗಿ ನಡೆಯಿತು. ಇಬ್ಬರೂ ಕೂಡಿ ಹಾಡುವ ಕೊನೆಯ ಸಾಲು ಬಂದಾಗ ಇಬ್ಬರೂ ತಡವರಿಸಿ ನಿಂತರು. ಮತ್ತೆ ಹಾಡಿದರು, ಮತ್ತೆ ನಿಂತರು. ಒಬ್ಬರು ಇನ್ನೊಬ್ಬರಿಗೆ ಕಾಯುತ್ತ ಹೋಗಿ, ಹಾಡು ಏರು ಹತ್ತುವ ಎತ್ತಿನ ಗಾಡಿಯಂತೆ ನಿಧಾನವಾಗುತ್ತಿತ್ತು.

ಇದು ವಿಳಂಬದ ತೊಡಕು. ಅಂಕೋಲೆಗೂ ಡೊಂಬಿವಲಿಗೂ ನೆಟ್ಟಗೆ ಅಳೆದರೆ ಸುಮಾರು ೫೦೦ ಕಿಲೊಮೀಟರು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೊಮೀಟರು ಓಡುವದು. ಆ ಲೆಕ್ಕದಲ್ಲಿ ಈ ದೂರಕ್ಕೆ ಸೆಕೆಂಡಿನ ನಾನೂರರಲ್ಲಿ ಒಂದು ಪಾಲು ಸಾಕು. ಆದ್ದರಿಂದ ವಿಳಂಬಕ್ಕೆ ದೂರ ಕಾರಣವಲ್ಲ. ಸಂಖ್ಯೆಗಳನ್ನು ಕುಗ್ಗಿಸಿ ಪೊಟ್ಟಣ ಕಟ್ಟುವದು, ದಾರಿಯ ಠಾಣೆಗಳಲ್ಲಿ ಕಾಯುವದು, ಹಿಂದುಮುಂದಾಗಿ ಬಂದ ಪೊಟ್ಟಣಗಳನ್ನು ಸಾಲಾಗಿ ಜೋಡಿಸಲು ಈ ತುದಿಯಲ್ಲಿ ತಡೆದಿಟ್ಟುಕೊಳ್ಳುವದು, ಇವುಗಳಲ್ಲಿ ಹೊತ್ತು ಹೋಗುತ್ತದೆ. ಒಂದು ದಿಕ್ಕಿನ ವಿಳಂಬವು ೧೫೦ ಮಿಲಿಸೆಕೆಂಡಿನೊಳಗೆ ಇದ್ದರೆ ಸಂಭಾಷಣೆಗೆ ತೊಂದರೆಯಿಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿದೆ. ಸಂಭಾಷಣೆಗೆ ಇಲ್ಲ, ಕೂಡಿ ಹಾಡಲಿಕ್ಕೆ ಅದೂ ಬಹಳವಾಯಿತು. ನಮ್ಮ ಕರೆಯಲ್ಲಿ ಅದು ಒಂದೊಂದು ದಿಕ್ಕಿಗೆ ಕಾಲು ಸೆಕೆಂಡಿನಷ್ಟು ಇತ್ತೆಂದು ಅಂದಾಜು.

ಇಲ್ಲಿ ಒಂದು ಸ್ವಾರಸ್ಯವಿದೆ. ಮುದ್ರಣ ನಡೆಯುವದು ಅಂಕೋಲೆಯಲ್ಲಿ. ಅಜ್ಜಿಯ ಸಾಲು ಯಾವಾಗ ಹೊರಟಿರಲಿ, ಇಲ್ಲಿ ಕೇಳಿದ ಕೂಡಲೆ ಆಯಿ ಎತ್ತಿಕೊಳ್ಳುತ್ತಾಳೆ. ಆದ್ದರಿಂದ ಅಜ್ಜಿಯಿಂದ ಆಯಿಗೆ ಹೋಗುವ ಬೆಸುಗೆ ನಮ್ಮ ಮುದ್ರಣದಲ್ಲಿ ಬಿಗಿಯಾಗಿರುತ್ತದೆ. ಆಯಿಯಿಂದ ಅಜ್ಜಿಗೆ ಹೋಗುವ ಬೆಸುಗೆಯಲ್ಲಿ ಮಾತ್ರ ಹೋಗುವ ಕಾಲು ಸೆಕೆಂಡು, ಬರುವ ಕಾಲು ಸೆಕೆಂಡು, ಎರಡೂ ಸೇರಿ ಸಡಿಲವಾಗುತ್ತದೆ. ಡೊಂಬಿವಲಿಯಲ್ಲಿ ಮುದ್ರಿಸಿದ್ದರೆ ಇದು ತಿರುಗುಮುರುಗಾಗುತ್ತಿತ್ತು. ಒಂದೇ ಹಾಡಿಗೆ ಎರಡು ಊರುಗಳಲ್ಲಿ ಎರಡು ನಡೆ! ಅಜ್ಜಿಯ ಟ್ರ್ಯಾಕನ್ನಷ್ಟು ಕಾಲು ಸೆಕೆಂಡು ಮುಂಚೆ ಸರಿಸಿದರೆ ಎರಡೂ ಬೆಸುಗೆಗಳಿಗೆ ಸಮನಾಗಿ ಪಾಲು ಬರುತ್ತದೆ, ಕಿವಿಗೆ ಸಹಜವಾಗುತ್ತದೆ. ಟ್ರ್ಯಾಕುಗಳು ಬೇರೆ ಇದ್ದದ್ದರಿಂದಲೇ ಇದು ಸಾಧ್ಯವಾಯಿತು. ಇದನ್ನೆಲ್ಲ ನಕಲಿನಲ್ಲಿ ಮಾಡಬೇಕು, ಮೂಲವನ್ನು ಮುಟ್ಟಬಾರದು.

ಆದರೆ ಕೂಡಿ ಹಾಡುವ ಸಾಲಿಗೆ ಸರಿಸುವಿಕೆಯಿಂದ ಪ್ರಯೋಜನವಿಲ್ಲ. ಹಾಡುವಾಗಲೇ ಇಬ್ಬರೂ ಕಾಯುತ್ತಿದ್ದಾರೆ. ಬಹಳ ಯೋಚಿಸಿದ ಮೇಲೆ ಹೊಳೆಯಿತು. ಅಜ್ಜಿಗೆ ಆಯಿಯ ಧ್ವನಿ ಕೇಳದಿದ್ದರೆ ಅವಳು ಯಾರಿಗೂ ಕಾಯುವದಿಲ್ಲ. ಆಯಿಗೆ ಅಜ್ಜಿಯ ಧ್ವನಿ ಕೇಳುತ್ತಿದ್ದರೆ ಅದರ ಮೇಲೆಯೇ ತನ್ನದನ್ನು ಕೂರಿಸಿ ಹಾಡಬಹುದು. ನಮ್ಮ ಮುದ್ರಣದಲ್ಲಿ ಎರಡೂ ಸರಿಯಾಗಿ ಕೂಡುತ್ತವೆ. ಏಕೆಂದರೆ ಆಯಿ ಕೇಳುವ ಧ್ವನಿಯೇ ಮುದ್ರಿತವಾಗುವ ಧ್ವನಿ. ಇದಕ್ಕೆ ಮಾಡಬೇಕಾದದ್ದು ಒಂದೇ ಕೆಲಸ. ಜೂಮಿನೊಳಗೆ ನಮ್ಮ ಮೈಕನ್ನು ಮುಚ್ಚುವದು. ಅದು ಡೊಂಬಿವಲಿಗೆ ಹೋಗುವ ಬಾಗಿಲನ್ನಷ್ಟೆ ಮುಚ್ಚುತ್ತದೆ. ಓಬಿಎಸ್ಸು ಮೈಕಿನಿಂದ ತನ್ನ ಪಾಲನ್ನು ತಾನೇ ಬೇರೆ ದಾರಿಯಿಂದ ಪಡೆಯುತ್ತಿರುವದರಿಂದ ಮುದ್ರಣ ನಡೆದೇ ಇರುತ್ತದೆ. ಮೈಕಿನ ಮೇಲಿರುವ ಗುಂಡಿಯನ್ನಾಗಲಿ ವಿಂಡೋಸಿನ ಮೈಕನ್ನಾಗಲಿ ಮುಚ್ಚಿದರೆ ಮಾತ್ರ ಎರಡೂ ಹೋದವು.

ಉಪಾಯ ಒಳ್ಳೆಯದೆಂದು ನನಗೆ ಹೆಮ್ಮೆಯಾಯಿತು. ಅಜ್ಜಿಗೆ ವಿವರಿಸಿದೆ. ಅವಳು ಕೇಳಿದಳು: “ಹಂಗಾರೆ ನಾ ಯಾರ ಕೂಡೆ ಹಾಡ್ಲಿ?”

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಕಲ್ಲಿನ ಸದ್ದೂ ಇಲ್ಲ, ಮಗಳ ಧ್ವನಿಯೂ ಇಲ್ಲ. ಒಂದು ಕೋಣೆಯಲ್ಲಿ ಕುಳಿತು ಮೌನಕ್ಕೆ ಹಾಡು ಎಂದು ಎಂಬತ್ತು ದಾಟಿದವಳಿಗೆ ಹೇಳುತ್ತಿದ್ದೆ. ಆಯಿಯೇ ದಾರಿ ತೋರಿಸಿದಳು. ಲ್ಯಾಪಟಾಪನ್ನು ನೆಲಕ್ಕೆ ಇಳಿಸಿ, ಕ್ಯಾಮರಾದ ಕಣ್ಣಿಗೆ ತನ್ನ ಮುಖವಲ್ಲ, ಬೀಸುಕಲ್ಲಿನ ಗೂಟ ಕಾಣುವಂತೆ ಇಡು ಎಂದಳು. ಅಜ್ಜಿ ತಿರುಗುವ ಕೈಯನ್ನು ನೋಡುತ್ತ ಹಾಡಿದಳು. ಸಾಲು ಎತ್ತಿಕೊಳ್ಳುವ ಭಾಗಗಳನ್ನು ಮೈಕು ತೆರೆದು, ಕೂಡಿ ಹಾಡುವ ಸಾಲುಗಳನ್ನು ಮೈಕು ಮುಚ್ಚಿ, ಹೀಗೆ ಒಂದೂವರೆ ತಾಸಿನಲ್ಲಿ ನಾಲ್ಕು ಹಾಡುಗಳಾದವು. ಮುಚ್ಚುವ ತೆರೆಯುವ ಕೆಲಸ ನನ್ನದು. ಎರಡು ಕಡೆ ಮರೆತೆ. ಅದು ಮುದ್ರಣದಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಇನ್ನು ಉಳಿದ ಸಣ್ಣ ಮಾತುಗಳು. ಯುಎಸ್‌ಬಿ ಮೈಕಿಗೆ ತನ್ನದೇ ಗಡಿಯಾರವಿರುತ್ತದೆ, ಯಂತ್ರದ ಧ್ವನಿ ವಿಭಾಗಕ್ಕೆ ಇನ್ನೊಂದು. ಇವುಗಳಲ್ಲಿ ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸವಿದ್ದರೂ ಒಂದು ತಾಸಿನಲ್ಲಿ ೦.೧೮ ಸೆಕೆಂಡು ಹೆಚ್ಚುಕಡಿಮೆಯಾಗುತ್ತದೆ. ತಂತ್ರಾಂಶವು ಇದನ್ನು ಬಹುಮಟ್ಟಿಗೆ ಸರಿದೂಗಿಸುವದು. ಆದರೂ ಪರೀಕ್ಷಿಸುವದು ಒಳ್ಳೆಯದು. ಮುದ್ರಣದ ಮೊದಲಲ್ಲಿ ಮತ್ತು ಕೊನೆಯಲ್ಲಿ ಹೆಡ್‌ಫೋನಿನ ಒಂದು ಕಿವಿಯನ್ನು ಮೈಕಿಗೆ ತಾಗಿಸಿ ಯಂತ್ರದಿಂದ ಒಂದು ಟಕ್ ಸದ್ದು ಹೊರಡಿಸಿದರೆ ಅದು ಎರಡೂ ಟ್ರ್ಯಾಕುಗಳಲ್ಲಿ ಬೀಳುತ್ತದೆ. ಎರಡು ತುದಿಗಳಲ್ಲಿಯೂ ಟಕ್ಕಿಗೆ ಟಕ್ಕು ಹೊಂದಿದರೆ ನಡುವಿನದೂ ಹೊಂದಿದೆಯೆಂದು ನಂಬಬಹುದು. ಮುಗಿದ ಮೇಲೆ ಕಡತವನ್ನು ಆಡಾಸಿಟಿಯಲ್ಲಿ ತೆರೆದು, ಒಂದೊಂದು ಟ್ರ್ಯಾಕನ್ನೂ ವೇವ್ ರೂಪದಲ್ಲಿ ಉಳಿಸಿದೆ. ಒಂದು ತಾಸಿನ ಒಂದು ಟ್ರ್ಯಾಕಿಗೆ ಸುಮಾರು ೩೪೬ ಮೆಗಾಬೈಟು ಬೇಕು. ಈಗಿನ ದಿನಗಳಲ್ಲಿ ಅದು ಬಹಳವಲ್ಲ. ಒಂದು ಪ್ರತಿ ನನ್ನಲ್ಲಿ, ಒಂದು ಮಾವನಲ್ಲಿ.

೧೯೦೨ರಲ್ಲಿ ಕಲಕತ್ತೆಯಲ್ಲಿ ಗ್ರಾಮಾಫೋನಿಗೆ ಹಾಡಿದ ಗೌಹರ್ ಜಾನಳು ತಟ್ಟೆಯ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಹೇಳುತ್ತಿದ್ದಳು. ನಾನು ಅಜ್ಜಿಯಿಂದ ಮೊದಲಲ್ಲಿಯೇ ಹೆಸರು, ಹುಟ್ಟಿದ ಊರು, ಹಾಡನ್ನು ಯಾರಿಂದ ಕಲಿತಳೆಂಬುದನ್ನು ಹೇಳಿಸಿದೆ. ಮುದ್ರಿಸಿಕೊಳ್ಳುತ್ತಿದ್ದೇನೆಂದು ಮೊದಲೇ ತಿಳಿಸಿದ್ದೆ. ಇದನ್ನು ಯಾರಿಗೆ ಕೇಳಿಸಬಹುದೆಂದೂ ಕೇಳಿದೆ. ನಾಲ್ಕರಲ್ಲಿ ಒಂದು ಹಾಡು ಮನೆಯ ಹೆಂಗಸರಿಗೆ ಮಾತ್ರ ಎಂದಳು. ಆದ್ದರಿಂದ ನಮ್ಮ ಕನ್ನಡ ವಿಭಾಗಕ್ಕೆ ಕೊಟ್ಟದ್ದು ಮೂರು. ೨೦೨೦ರಲ್ಲಿ ಕಾಲೇಜುಗಳು ಮುಚ್ಚಿದ್ದಾಗ ದೂರದಿಂದಲೇ ಪಾಠ ಕೇಳಿದ ನಮ್ಮ ಹಿರಿಯ ವಿದ್ಯಾರ್ಥಿಗಳಿಗೆ ಈ ಯಂತ್ರಗಳ ಪರಿಚಯ ಚೆನ್ನಾಗಿದೆ. ಮುಂಬಯಿ, ಪುಣೆ, ಗೋವೆಗಳಲ್ಲಿ ಇರುವ ನಮ್ಮ ಕಡೆಯ ಹಿರಿಯರ ಮಾತು, ಗಾದೆ, ಅಡಿಗೆಯ ರೀತಿ, ಊರು ಬಿಟ್ಟ ಸಂಗತಿ, ಇವನ್ನೆಲ್ಲ ಪ್ರಶ್ನೋತ್ತರ ರೂಪದಲ್ಲಿ ಸಂಗ್ರಹಿಸಲು ಬಯಸುವವರಿಗೆ ಮೇಲೆ ಹೇಳಿದ ಏರ್ಪಾಡಿನಲ್ಲಿ ಅರ್ಧ ಸಾಕು. ಮಾತಿಗೆ ಹಾಡಿನಷ್ಟು ಕಟ್ಟುಪಾಡಿಲ್ಲ. ಪ್ರಶ್ನೆ ಕೇಳುವವರ ಧ್ವನಿಯೂ ಇರಲಿ. ಬರಿಯ ಉತ್ತರಗಳ ಮುದ್ರಣವನ್ನು ಹತ್ತು ವರ್ಷದ ಮೇಲೆ ಕೇಳುವವರಿಗೆ, ಏನು ಕೇಳಿದ್ದಕ್ಕೆ ಹೀಗೆಂದರೆಂಬುದೇ ತಿಳಿಯುವದಿಲ್ಲ.

ಮುದ್ರಣವನ್ನು ಕಳಿಸಿದ ಮರುದಿನ ಅಜ್ಜಿ ಕರೆ ಮಾಡಿಸಿದಳು. ಹೊಗಳಿಯಾಳೆಂದು ಕಾದಿದ್ದೆ. ಎರಡನೆಯ ಹಾಡಿನಲ್ಲಿ ಆಯಿ ಒಂದು ಶಬ್ದವನ್ನು ತಪ್ಪು ಹಾಡಿದ್ದಾಳೆ, ಅದು ಹಾಗಲ್ಲ ಹೀಗೆ, ಎಂದು ಎರಡು ಸಲ ಹೇಳಿಕೊಟ್ಟಳು. ಆಯಿ ಹೆಡ್‌ಫೋನು ಹಾಕಿಕೊಂಡು, ಅಜ್ಜಿಯ ಟ್ರ್ಯಾಕನ್ನು ಕೇಳುತ್ತ, ಆ ಸಾಲನ್ನಷ್ಟೆ ಮತ್ತೊಮ್ಮೆ ಹಾಡಿದಳು. ಅದನ್ನು ನಾಲ್ಕನೆಯ ಟ್ರ್ಯಾಕಾಗಿ ಸೇರಿಸಿ, ತಪ್ಪಿದ ಸಾಲನ್ನು ಅಳಿಸದೆ ಪಕ್ಕದಲ್ಲಿಯೇ ಇಟ್ಟಿದ್ದೇನೆ. ಬರುವ ರವಿವಾರ ಐದನೆಯ ಹಾಡು.